ಪಾಳೆಯದ ಹೊರಗೆ ಹೋಗುವ ಕೆಲಸ

ಆಸ್ಪತ್ರೆಯ ಚಾಪ್ಲಿನ್ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ನನಗೆ ಫೋನ್ ಮಾಡುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ. “ಮೇಡಂ, ವಾರ್ಡಿಗೆ ಹೋಗಿ ಏನ್ ಮಾಡ್ಬೇಕು?” ಏನೂ ಮಾಡಬೇಡಪ್ಪ, ಹೋಗು, ಕೂತ್ಕೋ ಅಂದರೆ ಅವರಿಗೆ ಸಮಾಧಾನವಿಲ್ಲ. ಕೋರ್ಸಿನಲ್ಲಿ ಕಲಿತ ಮಾತುಗಳನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಬಂದಿರುತ್ತಾರೆ, ಎಲ್ಲಾದರೂ ಸುರಿಯಬೇಕಲ್ಲ. ಹೇಳಿ ಹೇಳಿ ನನಗೂ ಸಾಕಾಗಿದೆ. ಅದಕ್ಕೇ ಒಂದು ಸಲ ಬರೆದಿಟ್ಟುಬಿಡೋಣ ಅಂತ ಕೂತಿದ್ದೇನೆ. ಇನ್ನು ಮೇಲೆ ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ.

ನಾನು ಗದಗಿನ ಕಡೆಯವಳು, ಹೆಸರು ಸುಶೀಲಾ. ನರ್ಸ್ ಆಗಿ ಐರ್ಲೆಂಡಿಗೆ ಬಂದೆ. ಮೊಣಕಾಲು ಕೈಕೊಟ್ಟ ಮೇಲೆ ಓದಿ ಆಸ್ಪತ್ರೆಯ ಚಾಪ್ಲಿನ್ ಆದೆ. ಅಂದರೆ ರೋಗಿಗಳ ಪಕ್ಕ ಕೂರುವವಳು, ಬೇಕೆಂದವರಿಗೆ ಪ್ರಾರ್ಥನೆ ಮಾಡುವವಳು, ಬೇಡವೆಂದವರ ಜೊತೆ ಹವಾಮಾನದ ಬಗ್ಗೆ ಮಾತಾಡುವವಳು. ಈ ದೇಶದಲ್ಲಿ ಹವಾಮಾನಕ್ಕೆ ಪ್ರಾರ್ಥನೆಗಿಂತ ಗಿರಾಕಿ ಜಾಸ್ತಿ. ಊರಿನಲ್ಲಿ ನನ್ನ ತಂಗಿ ಇವತ್ತಿಗೂ “ನಮ್ಮಕ್ಕ ಅಲ್ಲಿ ಏನೋ ಪೂಜಾರಿ ಕೆಲಸ ಮಾಡ್ತಿದ್ಲು” ಅನ್ನುತ್ತಾಳೆ. ತಿದ್ದೋದು ಬಿಟ್ಟಿದ್ದೇನೆ.

ಈ ಕೆಲಸ ನಾನು ಮೊದಲು ನೋಡಿದ್ದು ಊರಿನಲ್ಲೇ, ಅದಕ್ಕೆ ಈ ಹೆಸರಿದೆ ಅಂತ ಗೊತ್ತಾಗುವ ಎಷ್ಟೋ ಮೊದಲು. ಕುಷ್ಠರೋಗಿಗಳ ಆಸ್ಪತ್ರೆಯೊಂದರಲ್ಲಿ ನಾನು ಹೊಸ ನರ್ಸ್. ಅಲ್ಲಿದ್ದ ದೊಡ್ಡ ಡಾಕ್ಟರು ಸಿಡುಕ. ಬ್ಯಾಂಡೇಜು ಸಡಿಲವಾಗಿದ್ದರೆ ಎಲ್ಲರ ಮುಂದೆ ಬೈಯುತ್ತಿದ್ದರು. ಆದರೆ ಗುಣವಾದವರನ್ನು ಮನೆಗೆ ಕಳಿಸುವ ದಿನ ಜೀಪು ಹತ್ತಿ ಅವರ ಜೊತೆ ತಾವೇ ಹೊರಡುತ್ತಿದ್ದರು. ಮನೆಯವರು ಬಾಗಿಲಲ್ಲೇ ಮುಖ ಗಂಟು ಹಾಕಿಕೊಂಡು ನಿಂತಿದ್ದರೆ ಇವರು ಒಳಗೆ ಹೋಗಿ ಚಾಪೆ ಕೇಳಿ, ಆ ಮನುಷ್ಯನ ಪಕ್ಕ ಕೂತು, ಒಂದೇ ತಾಟಿನಲ್ಲಿ ರೊಟ್ಟಿ ಮುರಿದು ತಿನ್ನುತ್ತಿದ್ದರು. “ಗುಳಿಗಿ ಕೊಟ್ಟು ಗುಣಾ ಮಾಡೋದು ಅರ್ಧಾ ಕೆಲಸ. ಉಳಿದರ್ಧ ಮಾಡಾಕ ಊಟದ ಹೊತ್ತಿಗೆ ಹೋಗಬೇಕು” ಅಂತ ಜೀಪಿನಲ್ಲಿ ಹೇಳಿದ್ದರು. ಅವರಿಗೆ ಹಸಿವೆ ಜಾಸ್ತಿ ಅಂತ ನಾವು ಹುಡುಗಿಯರು ಹಿಂದೆ ನಗುತ್ತಿದ್ದೆವು.

ಐರ್ಲೆಂಡಿನಲ್ಲಿ ನನಗೆ ಮೇಲಿನವರಾಗಿ ಸಿಕ್ಕಿದ್ದು ಫಾದರ್ ಡೊನಾಲ್. ಕ್ಯಾಥೊಲಿಕ್ ಪಾದ್ರಿ, ಎತ್ತರದ ಆಳು, ಅರ್ಧಂಬರ್ಧ ಕಿವುಡು. ನಾನು ಪ್ರಾಟೆಸ್ಟೆಂಟ್. ಅದರಿಂದ ನಮ್ಮಿಬ್ಬರಿಗೂ ಏನೂ ತೊಂದರೆಯಾಗಲಿಲ್ಲ, ತೊಂದರೆ ಆಗಿದ್ದು ಅವರ ಟೀಯಿಂದ, ಅಷ್ಟು ಕಡಕ್. ಮೊದಲ ವಾರ ನಾನು ರೋಗಿಯ ಕೋಣೆಯ ಬಾಗಿಲಲ್ಲಿ ನಿಂತು “ಏನಾದರೂ ಬೇಕಾ” ಅಂತ ಕೇಳಿ ಮುಂದಕ್ಕೆ ಹೋಗುತ್ತಿದ್ದೆ. ನರ್ಸಿನ ಅಭ್ಯಾಸ, ಬೇಗ ಬೇಗ. ಫಾದರ್ ಅದನ್ನು ನೋಡಿ ಕಾರಿಡಾರಿನಲ್ಲೇ ಹೇಳಿದರು: ಬಾಗಿಲಲ್ಲಿ ನಿಂತವರು ರೋಗಿಗೆ ಹೋಗುವವರ ಹಾಗೆ ಕಾಣುತ್ತಾರೆ, ಬಂದವರ ಹಾಗಲ್ಲ. ಆಮೇಲೆ ಯಾವ ಕೋಣೆಯ ಬಾಗಿಲಲ್ಲೂ ಹಾಗೆ ನಿಲ್ಲಲಿಲ್ಲ.

ಹೊಸಬರಿಗೆ ಕಲಿಸುವ ಸರದಿ ಬಂದಾಗ ನಾನು ಹಿಡಿದುಕೊಂಡಿದ್ದು ಬೈಬಲಿನ ಹಳೆಯ ಇಸ್ರಾಯೇಲಿನ ಯಾಜಕರನ್ನು, ಅಂದರೆ ಅವರ ಪೂಜಾರಿಗಳನ್ನು. ಎಲ್ಲರೂ ಮುಖ ಹುಳ್ಳಗೆ ಮಾಡಿಕೊಳ್ಳುತ್ತಿದ್ದರು, ಯಾಕೆಂದರೆ ಆ ನಿಯಮಗಳು ಓದಲು ಬಲು ಬೇಜಾರು. ಚರ್ಮದ ಮೇಲೆ ಮಚ್ಚೆ, ಅದರ ಬಣ್ಣ, ಕೂದಲು ಬೆಳ್ಳಗಾಗಿದೆಯೋ ಇಲ್ಲವೋ. ಮಚ್ಚೆ ಕಂಡವನನ್ನು ಯಾಜಕನ ಹತ್ತಿರ ಕರೆದುಕೊಂಡು ಬರಬೇಕು. ಯಾಜಕ ನೋಡಬೇಕು. ಗೊತ್ತಾಗದಿದ್ದರೆ ಏಳು ದಿನ ಒಂದು ಕಡೆ ಇರಿಸಿ ಮತ್ತೆ ನೋಡಬೇಕು. ರೋಗವೇ ಹೌದು ಅಂತಾದರೆ ಆ ಮನುಷ್ಯ ಪಾಳೆಯದ ಹೊರಗೆ, ಗುಡಾರಗಳೆಲ್ಲ ಮುಗಿದ ಮೇಲೆ, ಒಬ್ಬನೇ ಇರಬೇಕು. ಬಟ್ಟೆ ಹರಿದುಕೊಂಡು, ಬಾಯಿ ಮುಚ್ಚಿಕೊಂಡು, ಹತ್ತಿರ ಯಾರಾದರೂ ಬಂದರೆ ‘ನಾನು ಅಶುದ್ಧ’ ಅಂತ ತಾನೇ ಕೂಗಿ ಹೇಳಬೇಕು.

ಮನೆಗಳಿಗೂ ಇದೇ ಕಾನೂನು. ಗೋಡೆಗೆ ಬೂಷ್ಟು ಬಂದರೆ ಯಾಜಕ ಬಂದು ನೋಡಬೇಕು. ಈ ಪಾಠ ಮಾಡಿದಾಗ ಕ್ಲಾಸಿನಲ್ಲಿದ್ದ ಐರಿಶ್ ಹುಡುಗಿಯೊಬ್ಬಳು, ಹಾಗಾದರೆ ನನ್ನ ಬಾಡಿಗೆ ಮನೆಗೆ ದಿನಾ ಒಬ್ಬ ಯಾಜಕ ಬೇಕು ಅಂದಳು. ಎಲ್ಲರೂ ನಕ್ಕರು. ಆದರೆ ಅಲ್ಲೊಂದು ಒಳ್ಳೆಯ ಮಾತಿದೆ. ಯಾಜಕ ಬರುವ ಮೊದಲೇ ಮನೆಯ ಸಾಮಾನೆಲ್ಲ ಹೊರಗೆ ತೆಗೆದಿಡಲು ಹೇಳುತ್ತಾರೆ. ಅವನು ಒಳಗೆ ಬಂದು ‘ಅಶುದ್ಧ’ ಅಂದರೆ ಒಳಗಿದ್ದ ಪಾತ್ರೆ ಪಡಗವೂ ಅಶುದ್ಧವಾಗಿಬಿಡುತ್ತಲ್ಲ, ಅದಕ್ಕೆ. ಬಡವರ ಪಾತ್ರೆಗಳ ಬಗ್ಗೆ ಯಾರೋ ಯೋಚನೆ ಮಾಡಿದ್ದಾರೆ ಅಂತ ನನಗೆ ಆ ನಿಯಮದ ಮೇಲೆ ಪ್ರೀತಿ.

ನಾನು ಹೊಸಬರಿಗೆ ಕೇಳುತ್ತಿದ್ದ ಪ್ರಶ್ನೆ ಒಂದೇ. ಇಷ್ಟೆಲ್ಲದರಲ್ಲಿ ಔಷಧಿ ಎಲ್ಲಿದೆ? ಹುಡುಕಿ ಹುಡುಕಿ ಇಲ್ಲ ಅನ್ನುತ್ತಿದ್ದರು. ಇಲ್ಲ ಕಣ್ರೋ. ಯಾಜಕ ಗುಣ ಮಾಡುವುದಿಲ್ಲ. ನೋಡುತ್ತಾನೆ, ಹೇಳುತ್ತಾನೆ, ಅಷ್ಟೇ. ಆದರೆ ಹೊರಗಿದ್ದವನಿಗೆ ಗುಣವಾಯಿತು ಅಂದಾಗ ಅವನು ಒಳಗೆ ಬರುವ ಹಾಗಿಲ್ಲ, ಯಾಜಕನೇ ಪಾಳೆಯ ದಾಟಿ ಅವನಿದ್ದಲ್ಲಿಗೆ ಹೋಗಬೇಕು. ಬೇರೆ ಎಲ್ಲರೂ ತಮ್ಮ ಗುಡಾರದಲ್ಲಿ ಬೆಚ್ಚಗಿರಬಹುದು, ಇವನೊಬ್ಬ ಏಳಲೇಬೇಕು. ಇದೇ ನಿಮ್ಮ ಕೆಲಸ ಅಂತ ಹೇಳಿ ಪಾಠ ಮುಗಿಸುತ್ತಿದ್ದೆ. ಚೆನ್ನಾಗಿ ಹೇಳಿದೆ ಅಂತ ನನಗೇ ಅನ್ನಿಸುತ್ತಿತ್ತು. ಪಾಠ ಹೇಳೋದು ಸುಲಭ ನೋಡಿ.

ಆಮೇಲೆ ಕೋವಿಡ್ ಬಂತು.

ಆ ದಿನಗಳನ್ನು ನೆನೆಸಿಕೊಳ್ಳಲು ನನಗೆ ಇಷ್ಟವಿಲ್ಲ, ಆದರೆ ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ. ನಮ್ಮ ಇಡೀ ವಿದ್ಯೆ ಪಕ್ಕದಲ್ಲಿ ಕೂತು ಕೈ ಹಿಡಿಯುವುದು. ಅದನ್ನೇ ಮಾಡಬೇಡಿ ಅಂದರು. ಏಪ್ರನ್, ಮಾಸ್ಕ್, ಮುಖದ ಮುಂದೆ ಪ್ಲಾಸ್ಟಿಕ್ಕು, ಎರಡು ಜೊತೆ ಗ್ಲೌಸ್. ಒಳಗಿರುವವರು ಮನುಷ್ಯರು ಅಂತ ರೋಗಿಗಳಿಗೆ ತಿಳಿಯಲಿ ಅಂತ ನಮ್ಮ ನಗುಮುಖದ ಫೋಟೋ ಎದೆಗೆ ಅಂಟಿಸಿಕೊಂಡು ಓಡಾಡಿದೆವು. ಒಬ್ಬ ಅಜ್ಜ ನನ್ನ ಫೋಟೋ ನೋಡಿ, ನೋಡಲು ಗ್ರ್ಯಾಂಡ್ ಇದ್ದೀಯ, ಇದು ಯಾವ ಕಾಲದ್ದು ಅಂತ ಕೇಳಿದ. ಬಹಳ ಹಳೆಯದು ಅಂದೆ. ಇಲ್ಲಿಯವರಿಗೆ ಚೆನ್ನಾಗಿರುವುದೆಲ್ಲ ಗ್ರ್ಯಾಂಡ್. ಮನೆಯವರು ಮನೆಯಲ್ಲಿ, ರೋಗಿ ಹಾಸಿಗೆಯಲ್ಲಿ, ನಡುವೆ ನಾನು ಟ್ಯಾಬ್ಲೆಟ್ ಎತ್ತಿ ಹಿಡಿದುಕೊಂಡು ನಿಲ್ಲುತ್ತಿದ್ದೆ. ತೋಳು ನೋಯುತ್ತಿತ್ತು. ಕೊನೆಯ ಮಾತು ಆಡುವವರಿಗೆ ಬೇಗ ಮುಗಿಸಿ ಅನ್ನಲಾಗುತ್ತದೆಯೇ? ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ಬದಲಾಯಿಸುತ್ತಿದ್ದೆ. ನೇಸ್ ಊರಿನ ನನ್ನ ಮನೆಗೆ ಬಂದು ಕೈ ತೊಳೆದು ತೊಳೆದು ಚರ್ಮ ಕಿತ್ತು ಬಂದಿತ್ತು. ನಾನು ಒಬ್ಬಳೇ ಇರುವವಳು. ವಾರಗಟ್ಟಲೆ ಯಾರೂ ನನ್ನನ್ನು ಮುಟ್ಟಿರಲಿಲ್ಲ, ಅದು ಆಗ ಗಮನಕ್ಕೂ ಬರಲಿಲ್ಲ.

ಕೋವಿಡ್ ವಾರ್ಡಿನಲ್ಲಿ ಹೆಲ್ತ್‌ಕೇರ್ ಅಸಿಸ್ಟೆಂಟ್ ಆಗಿದ್ದವನು ನಜೀರ್. ಹುಬ್ಬಳ್ಳಿಯವನು. ರೋಗಿಗಳನ್ನು ತೊಳೆಸಿ, ಉಣಿಸಿ, ಮಗ್ಗುಲು ತಿರುಗಿಸುವ ಕೆಲಸ. ನನ್ನನ್ನು ಕಂಡರೆ ‘ಅಕ್ಕಾರ’ ಅಂತ ಕರೆದು ಎರಡು ಮಾತು ನಮ್ಮ ಕಡೆಯ ಕನ್ನಡದಲ್ಲಿ ಆಡುತ್ತಿದ್ದ. ಅದಿಲ್ಲದಿದ್ದರೆ ನಾನು ಆ ಬೇಸಿಗೆ ದಾಟುತ್ತಿರಲಿಲ್ಲ. ಅವನ ಹೆಂಡತಿ ಶಬಾನಾಳದು ಕಂಪ್ಯೂಟರ್ ಕೆಲಸ, ಆಡಮ್ಸ್‌ಟೌನ್‌ನಲ್ಲಿ ಮನೆ, ಜೋಯಾ ಅಂತ ಪುಟ್ಟ ಮಗಳು. ಮೊಮ್ಮಗಳನ್ನು ನೋಡಿಕೊಂಡು ಹೋಗಲು ಬಂದಿದ್ದ ಶಬಾನಾಳ ತಾಯಿ, ನಜೀರನ ಅತ್ತೆ ಮೆಹಬೂಬ್ ಬಿ ವಿಮಾನ ನಿಂತು ಇಲ್ಲೇ ಸಿಕ್ಕಿಬಿದ್ದಿದ್ದರು. ಅವರಿಗೆ ಮೊದಲಿನಿಂದ ಉಬ್ಬಸ.

ಅತ್ತೆಗೆ ತನ್ನಿಂದ ಏನೂ ಆಗಬಾರದು ಅಂತ ನಜೀರ್ ತನ್ನನ್ನು ಕೋವಿಡ್ ವಾರ್ಡಿನ ಕೆಲಸಕ್ಕೆ ಹಾಕಿದ ದಿನವೇ ಹಿತ್ತಲಿನ ಶೆಡ್ಡಿನಲ್ಲಿ ಹಾಸಿಗೆ ಹಾಕಿಕೊಂಡ. ಹುಲ್ಲು ಕತ್ತರಿಸುವ ಮಶೀನು, ಮಗಳ ಸೈಕಲ್ಲು, ಇವನು. ಸರಿಯಾದದ್ದೇ ಮಾಡಿದ. ಆಮೇಲೆ ಅವನಿಗೇ ಕೋವಿಡ್ ಬಂತು, ನಮ್ಮ ಆಸ್ಪತ್ರೆಯಲ್ಲೇ ಮಲಗಿದ, ಆಮ್ಲಜನಕ ಹಾಕಿದರು, ಉಳಿದುಕೊಂಡ. ಮನೆಯಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಡಾಕ್ಟರು ಮನೆಗೆ ಹೋಗಬಹುದು, ಇವನಿಂದ ಇನ್ನು ಯಾರಿಗೂ ಅಂಟುವುದಿಲ್ಲ ಅಂದರು. ಇವನು ಹೋದ. ಹೋಗಿ ಮತ್ತೆ ಶೆಡ್ಡಿನಲ್ಲೇ ಕೂತ.

ಶಬಾನಾ ನನಗೆ ಫೋನ್ ಮಾಡಿದಾಗ ದನಿಯಲ್ಲಿ ಅಳುವೂ ಇರಲಿಲ್ಲ, ಅಷ್ಟು ಸೋತಿದ್ದಳು. “ಅಕ್ಕಾ, ಅವ್ರು ಒಳಗ್ ಬರ್ತಾನೇ ಇಲ್ಲ. ಡಾಕ್ಟರ್ ಹತ್ರ ಎರಡು ಸಲ ಮಾತಾಡಿಸಿದೆ. ಹೂಂ ಹೂಂ ಅಂತಾರೆ, ಅಲ್ಲೇ ಕೂತಿರ್ತಾರೆ. ಮಗು ಗಾಜಿನ ಬಾಗ್ಲಿಗೆ ಮೂಗು ಒತ್ಕೊಂಡು ನಿಂತಿರುತ್ತೆ. ಅಮ್ಮ ಬೇರೆ, ನನ್ನಿಂದಾನೇ ಅವ್ನು ಹೊರಗಿದಾನೆ, ನನ್ನನ್ನ ಎಲ್ಲಾದ್ರೂ ಬಿಟ್ಟುಬಿಡು ಅಂತಾರೆ. ಎಲ್ಲಿ ಬಿಡ್ಲಿ ನಾನು?”

ನಾನು ನಜೀರನಿಗೆ ವಿಡಿಯೋ ಕಾಲ್ ಮಾಡಿದೆ. ಗಡ್ಡ ಬೆಳೆದಿತ್ತು. ಏನಪ್ಪ ನಿನ್ನ ಕಥೆ ಅಂದೆ. ವಾರ್ಡಿನಲ್ಲಿದ್ದ ಒಬ್ಬ ಮುದುಕನನ್ನು ನೆನಪಿಸಿದ. ಮಗನೇ ಮನೆಗೆ ರೋಗ ತಂದಿದ್ದ, ಅಪ್ಪ ಹೋಗಿಬಿಟ್ಟ, ಮಗ ಆಸ್ಪತ್ರೆಯ ಕಿಟಕಿಯ ಹೊರಗೆ ನಿಂತಿದ್ದ.

“ಆ ಮಗನ ಮಾರಿ ನಾ ನೋಡೇನ್ರಿ ಅಕ್ಕಾರ. ಹಂಗ ನನಗಾಗಬಾರದು. ಅತ್ತಿ ಮುದುಕಿ ಅದಾಳ್ರಿ, ಉಸಿರಿನ ತ್ರಾಸ ಐತಿ.”

“ಡಾಕ್ಟರ್ ಹೇಳ್ಯಾರಲ್ಲೋ, ಏನೂ ಆಗಂಗಿಲ್ಲ ಅಂತ.”

“ಹೇಳ್ಯಾರ್ರಿ.”

ಇಲ್ಲಿ ನಾನು ಮಾಡಿದ್ದು ನನ್ನಂಥವಳು ಮಾತ್ರ ಮಾಡಬಹುದಾದ ಎಡವಟ್ಟು. ಅವನಿಗೆ ಧೈರ್ಯ ತುಂಬೋಣ ಅಂತ ಯಾಜಕರ ಕಥೆ ಹೇಳಿದೆ. ಆ ಕಾನೂನು ತಂದ ಮೂಸಾ ನಬಿ ನಮ್ಮಲ್ಲೂ ಅದಾರ್ರಿ, ಅವರ ಮಂದಿ ಬನಿ ಇಸ್ರಾಯಿಲ್ ಗೊತ್ರಿ ಅಂತ ಅವನು ಆಸೆಯಿಂದ ಕೇಳಿದ. ಹೊರಗಿರೋದು ಪಾಪವಲ್ಲ, ಶಿಕ್ಷೆಯಲ್ಲ, ಒಳಗೆ ಕರೆದುಕೊಳ್ಳೋದಕ್ಕೂ ಒಂದು ಪದ್ಧತಿ ಇತ್ತು ಅಂತ ವಿವರಿಸಿದೆ. ಯಾಜಕ ಹೊರಗೆ ಹೋಗಿ ನೋಡುತ್ತಾನೆ, ಗುಣವಾದವನು ಬಟ್ಟೆ ಒಗೆದು, ಕೂದಲು ಬೋಳಿಸಿ, ಸ್ನಾನ ಮಾಡಿ ಪಾಳೆಯಕ್ಕೆ ಬರುತ್ತಾನೆ, ಬಂದರೂ ಇನ್ನು ಏಳು ದಿನ ತನ್ನ ಗುಡಾರದ ಒಳಗೆ ಹೋಗದೆ ಹೊರಗೇ ಇರುತ್ತಾನೆ, ಹೀಗೆ ಮೆಲ್ಲಮೆಲ್ಲಗೆ ಒಳಗಾಗುತ್ತಾನೆ. ನನ್ನ ಪಾಠವೆಲ್ಲ ಒಪ್ಪಿಸಿದೆ. ಅವನು ಶ್ರದ್ಧೆಯಿಂದ ಕೇಳಿದ. ಫೋನ್ ಇಟ್ಟ ಮೇಲೆ ಫಾದರ್ ಡೊನಾಲ್‌ಗೆ, ಚೆನ್ನಾಗಿ ಮಾತಾಡಿದೆ, ಇನ್ನು ಒಳಗೆ ಹೋಗುತ್ತಾನೆ ಅಂತಲೂ ಹೇಳಿದೆ.

ಒಂದು ವಾರ ದಾಟಿ ಶಬಾನಾ ಮತ್ತೆ ಫೋನ್ ಮಾಡಿದಳು. ಇನ್ನೂ ಶೆಡ್ಡಿನಲ್ಲೇ ಇದ್ದಾನೆ, ತಲೆ ಬೇರೆ ಬೋಳಿಸಿಕೊಂಡಿದ್ದಾನೆ. ನಾನು ಅವನಿಗೆ ಫೋನ್ ಮಾಡಿದೆ.

“ನೀವ ಹೇಳಿದ್ರಲ್ರಿ ಅಕ್ಕಾರ, ಏಳು ದಿನಾ ಹೊರಗ ಇರ್ತಿದ್ರು ಅಂತ.”

“ಏಳು ದಿನ ಮುಗಿದು ಹೋತಲ್ಲೋ.”

“ನಡುವ ಒಂದು ಸಲ ಕೆಮ್ಮು ಬಂತ್ರಿ. ಮತ್ತ ಮೊದಲಿಂದ ಎಣಸಾಕತ್ತೇನಿ. ಅದೂ ಮುಗೀತಿತ್ತು, ನಿನ್ನೆ ಸೀನಿದ್ನಿ.”

ಮೊದಲು ನನಗೆ ನಗು ಬಂತು. ಮೂರು ಸಾವಿರ ವರ್ಷದ ಹಿಂದಿನ ಕಾನೂನೊಂದನ್ನು ಒಯ್ದು ನಾನೇ ಅವನ ಶೆಡ್ಡಿಗೆ ಚಿಲಕ ಹಾಕಿ ಬಂದಿದ್ದೆ. ಫಾದರ್ ಡೊನಾಲ್ ಎಲ್ಲ ಕೇಳಿ ಟೀ ಲೋಟ ಕೆಳಗಿಟ್ಟರು. “ಸುಶೀಲಾ, ನೀನು ಅವನಿಗೆ ಯಾಜಕನ ಬಗ್ಗೆ ಫೋನಿನಲ್ಲಿ ಹೇಳಿದೆಯಾ?” ಅಂತಷ್ಟೇ ಕೇಳಿದರು. ಫೋನ್ ಮಾಡಿದ್ದೂ ಬಾಗಿಲಲ್ಲಿ ನಿಂತ ಹಾಗೇ, ಅದೇ ಹಳೆಯ ಚಾಳಿ. ನಮ್ಮ ಸ್ಟಾಫಿನವನು, ಕೆಲಸದ ಲೆಕ್ಕದಲ್ಲೇ ಹೋಗಿ ಬಾ, ಹಿತ್ತಲು ದಾಟಬೇಡ ಅಂದರು.

ಆಗ ಊರು ಬಿಟ್ಟು ಹೋಗುವಂತಿರಲಿಲ್ಲ. ದಾರಿಯಲ್ಲಿ ಗಾರ್ಡಾ, ಅಂದರೆ ಇಲ್ಲಿಯ ಪೊಲೀಸು, ನಿಲ್ಲಿಸಿ ಎಲ್ಲಿಗೆ ಅಂತ ಕೇಳಿದ. ಆಸ್ಪತ್ರೆಯ ಚಾಪ್ಲಿನ್ ಅಂತ ಬ್ಯಾಡ್ಜ್ ತೋರಿಸಿದೆ. ನನಗೂ ಒಂದು ಪ್ರಾರ್ಥನೆ ಹಾಕಿಬಿಡಿ ಅಂತ ಬಿಟ್ಟ. ಆಡಮ್ಸ್‌ಟೌನ್‌ನಲ್ಲಿ ಮನೆಗಳೆಲ್ಲ ಒಂದೇ ಥರ. ಎರಡು ಸಲ ತಪ್ಪಿ ಮೂರನೆಯದಕ್ಕೆ ಮಾಸ್ಕು, ಗ್ಲೌಸ್ ಹಾಕಿಕೊಂಡು ಪಕ್ಕದ ಗೇಟಿನಿಂದ ಹಿತ್ತಲಿಗೆ ಹೋದೆ. ಅಪರೂಪಕ್ಕೆ ಬಿಸಿಲಿತ್ತು. ಅಡುಗೆಮನೆಯ ಕಿಟಕಿಯಿಂದ ಶೆಡ್ಡಿಗೆ ಹೀಟರಿನ ವಯರು ಎಳೆದಿದ್ದರು. ನಜೀರ್ ಶೆಡ್ಡಿನ ಬಾಗಿಲಲ್ಲಿ ಕ್ರೇಟಿನ ಮೇಲೆ ಕೂತಿದ್ದ, ಬೋಳು ತಲೆ, ಎರಡು ಮಾಸ್ಕು. ನನ್ನನ್ನು ನೋಡಿದವನೇ ಎದ್ದು ಹಿಂದಕ್ಕೆ ಸರಿದ.

“ಕೈ ತೋರಿಸು” ಅಂದೆ. ತೋರಿಸಿದ. ನನ್ನ ಕೈಯ ಹಾಗೇ ಒಡೆದಿತ್ತು ಅವನದೂ. ನೋಡಿದೆ. ಮುಖ ನೋಡಿದೆ. ಇಷ್ಟು ವರ್ಷ ಕಲಿಸಿದ್ದನ್ನು ಕೊನೆಗೂ ಮಾಡಿದೆ.

“ನೋಡಿದ್ನಿ. ನೀ ಚೊಕ್ಕ ಅದೀ. ಒಳಗ ನಡಿ.”

ಅವನು ಅಲ್ಲಾಡಲಿಲ್ಲ. “ನೀವು ಅಂದ್ರ ಆಗಂಗಿಲ್ರಿ ಅಕ್ಕಾರ. ಸಿಟ್ಟಾಗಬ್ಯಾಡ್ರಿ. ನಿಮಗೇನಾಗೋದೈತ್ರಿ? ಆದ್ರ ಆಗೋದು ಅವರಿಗೆ.”

ಅವನು ಹೇಳಿದ್ದು ಸರಿ. ಆ ಯಾಜಕ ‘ಶುದ್ಧ’ ಅಂದರೆ ಆ ಮನುಷ್ಯ ನಾಳೆಯಿಂದ ಯಾಜಕನಿರುವ ಪಾಳೆಯದಲ್ಲೇ ಬಾಳುತ್ತಾನೆ, ತಪ್ಪಿದರೆ ಯಾಜಕನಿಗೂ ಅಂಟುತ್ತದೆ. ನಾನು ಹೇಳಿ ಕಾರು ಹತ್ತಿ ನೇಸ್‌ಗೆ ಹೋಗುವವಳು. ಆ ಸಿಡುಕ ಡಾಕ್ಟರು ಊಟದ ಹೊತ್ತಿಗೆ ಯಾಕೆ ಹೋಗುತ್ತಿದ್ದರು ಅಂತ ನನಗೆ ಗೊತ್ತಾಗಿದ್ದು ಅಲ್ಲಿ, ಆ ಹುಲ್ಲಿನ ಮೇಲೆ ನಿಂತಾಗ. ಗೊತ್ತಾಗಿ ಏನು, ನನ್ನ ಕೈಯಲ್ಲಿ ಮಾಡಲು ಏನೂ ಉಳಿದಿರಲಿಲ್ಲ.

ಅಡುಗೆಮನೆಯ ಕಿಟಕಿ ತೆರೆದೇ ಇತ್ತು. ಒಳಗಿನಿಂದ ಮೆಹಬೂಬ್ ಬಿ ಎಲ್ಲ ಕೇಳಿಸಿಕೊಂಡಿದ್ದರು. ನಲ್ಲಿ ಬಿಟ್ಟ ಸದ್ದಾಯಿತು, ಆಮೇಲೆ ಕೆಟಲ್ಲು ಕುದಿಯುವ ಸದ್ದು. ಸ್ವಲ್ಪ ಹೊತ್ತಿಗೆ ಗಾಜಿನ ಬಾಗಿಲು ಸರಿಸಿಕೊಂಡು ಬಂದರು. ಸೀರೆ, ಅದರ ಮೇಲೆ ಮಗಳ ಕಾರ್ಡಿಗನ್ನು, ಕೈಯಲ್ಲಿ ಅರಿಶಿನ ಕದಡಿದ ಬಿಸಿನೀರಿನ ಬಕೆಟ್ಟು. ಮಾಸ್ಕಿಲ್ಲ. ಹಿಂದೆ ಶಬಾನಾ “ಅಮ್ಮಿ, ಅಮ್ಮಿ” ಅನ್ನುತ್ತಾ ಬಂದಳು. ಬಾಗಿಲಲ್ಲಿ ಜೋಯಾ.

“ವಾಟ್ ಈಸ್ ನಾನಿ ಡೂಯಿಂಗ್?” ಅಂತು ಮಗು.

ಮುದುಕಿ ಬಕೆಟ್ಟು ಹುಲ್ಲಿನ ಮೇಲಿಟ್ಟು ಉಬ್ಬಸ ಇಳಿಯುವವರೆಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು. ಆಮೇಲೆ ನನಗೆ ಹೇಳಿದರು. “ನಮ್ಮ ಕಡೆ ಮೈಮ್ಯಾಗ ಸಿಡುಬು ಎದ್ದು ಅಮ್ಮ ಬಂದು ಹೋದ್ರ ನೀರ ಹಾಕ್ತೀವಿ ಹೌದಿಲ್ರಿ ಬಾಯಾರ? ನೀರ ಹಾಕಿದ ಮ್ಯಾಲ ಮುಗೀತು, ಹುಡುಗ ಪಂಕ್ತ್ಯಾಗ ಕುಂದರತಾನ. ಇವಗ ಇಲ್ಲಿ ಯಾರೂ ನೀರ ಹಾಕಿಲ್ಲ. ಅದಕ್ಕ ರೋಗ ಹೋಗೇತಿ ಅಂತ ಇವಗ ಗೊತ್ತಾಗವಲ್ದು. ಇಲ್ಲೆ ಬೇವಿನ ತಪ್ಪಲಾ ಸಿಗೂದಿಲ್ಲ, ಅರಿಶಿಣಾ ಒಂದಾ.”

“ಅತ್ತಿ, ದೂರ ಸರೀರಿ” ಅಂದ ನಜೀರ್. ಶೆಡ್ಡಿನ ಗೋಡೆಗೆ ಬೆನ್ನು ಹತ್ತಿತ್ತು, ಇನ್ನು ಸರಿಯಲು ಜಾಗವಿರಲಿಲ್ಲ.

“ನಾ ಸರಿಯೂದಿಲ್ಲ. ನೀ ಕುಂದರ್.”

ಕೂತ. ಅತ್ತೆಯ ಮಾತು ಮೀರುವ ಅಭ್ಯಾಸ ಅವನಿಗಿರಲಿಲ್ಲ. ಮುದುಕಿ ಮಾಸ್ಕುಗಳನ್ನು ತಾವೇ ಕಿವಿಯಿಂದ ಬಿಡಿಸಿದರು. ಚೊಂಬಿನಿಂದ ಬೋಳು ತಲೆಯ ಮೇಲೆ ನೀರು ಹಾಕಿದರು, ಬಾಯಲ್ಲೇ ಏನೋ ದುವಾ. ಹಳದಿ ನೀರು ಅವನ ಟಿ-ಶರ್ಟಿನ ಮೇಲೆ, ಹುಲ್ಲಿನ ಮೇಲೆ ಹರಿಯಿತು. ಆಮೇಲೆ ಸೆರಗಿನಿಂದ ಅವನ ತಲೆ ಒರೆಸಲು ಬಗ್ಗಿದರು. ಮುಖಕ್ಕೆ ಮುಖ, ಒಂದು ಗೇಣೂ ಇರಲಿಲ್ಲ. ಆಗ ನಾನು ನೋಡಿದೆ, ಅವನು ಉಸಿರು ಬಿಗಿಹಿಡಿದುಕೊಂಡಿದ್ದ. ಕತ್ತಿನ ನರ ಉಬ್ಬಿ, ಮುಖ ಕೆಂಪಾಗುತ್ತಾ ಬಂತು.

ಮುದುಕಿಯೂ ನೋಡಿದರು. ಒರೆಸುವುದು ನಿಲ್ಲಿಸಿದರು, ಸರಿಯಲಿಲ್ಲ.

“ಉಸಿರು ಬಿಡೋ ಮಗನ” ಅಂದರು. “ಬಿಡು. ನಾ ಇಲ್ಲೇ ನಿಂತೇನಿ.”

ಅವನು ತಲೆ ಅಲ್ಲಾಡಿಸಿದ. ಕಣ್ಣಲ್ಲಿ ನೀರು. ಅವರು ಅವನ ಗಲ್ಲ ಹಿಡಿದು ಮುಖವನ್ನು ತಮ್ಮ ಕಡೆಗೇ ತಿರುಗಿಸಿಕೊಂಡು ಕಾದರು. ಕೊನೆಗೆ ಅವನಿಂದ ತಡೆಯಲಾಗಲಿಲ್ಲ, ಬಿಟ್ಟ. ಅವರ ಮುಖದ ಮೇಲೇ ಬಿಟ್ಟ. ಆ ಉಸಿರಿನ ಜೊತೆಗೇ ಅಳು ಬಂತು, ಮಕ್ಕಳು ಅಳುವ ಹಾಗೆ ದನಿ ತೆಗೆದು ಅತ್ತ. ಮುದುಕಿ ಅವನ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡರು. ಬಾಗಿಲಲ್ಲಿದ್ದ ಜೋಯಾ ಓಡಿ ಬಂದು ಅವನ ಒದ್ದೆ ಬೆನ್ನಿಗೆ ಆತುಕೊಂಡಿತು. “ಯೂ ಆರ್ ಗ್ರ್ಯಾಂಡ್ ನೌ, ಡ್ಯಾಡಿ” ಅಂತು. ಎಲ್ಲರೂ ಹಾಗೇ ಒಬ್ಬರ ಹಿಂದೆ ಒಬ್ಬರು ಒಳಗೆ ಹೋದರು. ಹೀಟರಿನ ವಯರು ಕಾಲಿಗೆ ತೊಡರಿದ್ದನ್ನು ಶಬಾನಾ ಕಿತ್ತು ಎಸೆದಳು.

ನಾನು ಹಿತ್ತಲಿನಲ್ಲೇ ಉಳಿದೆ. ನಾನು ವಾರ್ಡಿನಿಂದ ಬಂದವಳು, ಒಳಗೆ ಹೋಗುವ ಹಾಗಿರಲಿಲ್ಲ. ಕಾರಿನ ಕೀಲಿ ಹುಡುಕುತ್ತಿದ್ದಾಗ ಮೆಹಬೂಬ್ ಬಿ ಬಕೆಟ್ಟಿಗೆ ಅಂತ ವಾಪಸು ಬಂದರು. ಒಳಗೆ ಬನ್ನಿ ಅಂದರು. ನಿಯಮವಿಲ್ಲ ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನೀವೂ ಅದಾ ವಾರ್ಡಿನ್ಯಾಗ ಇದ್ದವರಲ್ರಿ. ನಿಮಗ ಯಾರು ನೀರ ಹಾಕ್ಯಾರ?”

ಉತ್ತರಕ್ಕೆ ಅವರು ಕಾಯಲಿಲ್ಲ, ಬಕೆಟ್ಟಿನ ತಳದಲ್ಲಿ ಉಳಿದಿದ್ದ ನೀರನ್ನು ಚೊಂಬಿಗೆ ಬಗ್ಗಿಸಿಕೊಂಡರು. “ಹತ್ತರ ಬರೂದಿಲ್ಲ ಬಿಡ್ರಿ. ಕೈ ಒಡ್ಡ್ರಿ” ಅಂದರು. ಗ್ಲೌಸ್ ಬಿಚ್ಚಿ ಕೈ ಒಡ್ಡಿದೆ. ತೋಳು ಚಾಚಿ ಮೇಲಿನಿಂದ ಹಾಕಿದರು. ನೀರು ಇನ್ನೂ ಬೆಚ್ಚಗಿತ್ತು, ಒಡೆದ ಚರ್ಮಕ್ಕೆ ಉರಿಯಿತು. ಆ ವರ್ಷವಿಡೀ ನಾನು ಕೈ ತೊಳೆದದ್ದೇ ತೊಳೆದದ್ದು. ಇನ್ನೊಬ್ಬರು ನನ್ನ ಕೈಗೆ ನೀರು ಹಾಕಿದ್ದು ಅದೊಂದೇ ಸಲ.

ಮರುದಿನ ಡ್ಯೂಟಿ ಇತ್ತು, ಹೊರಟೆ. ನೇಸ್‌ಗೆ ಬಂದು ಕಾರು ನಿಲ್ಲಿಸಿದಾಗ ಸ್ಟೀರಿಂಗಿಗೆಲ್ಲ ಅರಿಶಿನ ಹತ್ತಿತ್ತು. ಒರೆಸುವ ಬಟ್ಟೆ ಪಕ್ಕದಲ್ಲೇ ಇತ್ತು, ಸ್ಯಾನಿಟೈಸರ್ ಕೂಡ. ಒರೆಸಲಿಲ್ಲ.